ಹಿತ್ತಾಳೆ ಬಿಲ್ಲೆ

ಯಾಕೆ ಟೀಚರ್ ಆದಿರಿ ಎಂದು ಕೇಳಿದೆಯಲ್ಲ, ಲುಬುತೊ,
ತರಬೇತಿಗೆ ಬಂದ ಮೂರನೇ ದಿನಕ್ಕೇ,
ಸೀಮೆಸುಣ್ಣದ ಕೈ ಇನ್ನೂ ಒರೆಸಿಕೊಳ್ಳದೆ—
ನಿಜ ಹೇಳಲೇ?
ನರ್ಸಿಂಗಿಗೆ ನನ್ನನ್ನು ಸೇರಿಸಿಕೊಳ್ಳಲಿಲ್ಲ.
ಕಿಟ್ವೆಯ ಕಾಲೇಜಿನಲ್ಲಿ ಒಂದು ಸೀಟು ಉಳಿದಿತ್ತು,
ಹಾಸ್ಟೆಲಿನಲ್ಲಿ ಎರಡು ಹೊತ್ತು ಊಟವಿತ್ತು.
ಅಷ್ಟೇ. ಕನಸುಗಿನಸು ಏನೂ ಇರಲಿಲ್ಲ.

ಹಾಗಂತ ಅಷ್ಟೇ ಅಂದರೆ ಅದೂ ಸುಳ್ಳು.

ನಮ್ಮಪ್ಪ ತಾಮ್ರದ ಗಣಿಯ ದೀಪದ ಕೋಣೆಯಲ್ಲಿದ್ದ.
ನೆಲದಡಿಗೆ ಎಂದೂ ಇಳಿದವನಲ್ಲ.
ಇಳಿಯುವವರಿಗೆ ದೀಪ ಕೊಟ್ಟು
ಅವರ ನಂಬರಿನ ಹಿತ್ತಾಳೆ ಬಿಲ್ಲೆ ಇಸಕೊಂಡು
ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದ.
ಪಾಳಿ ಮುಗಿದರೆ ದೀಪ ವಾಪಸು, ಬಿಲ್ಲೆ ವಾಪಸು.
ಗೋಡೆ ಬೋಳಾಗುವ ತನಕ ಮನೆಗೆ ಬರುತ್ತಿರಲಿಲ್ಲ,
ಅಮ್ಮನ ನ್ಶಿಮಾ ಮುದ್ದೆ ತಟ್ಟೆಯಡಿ ಬೆವರುತ್ತಿತ್ತು.

ಒಂದು ರಾತ್ರಿ ಬರಲೇ ಇಲ್ಲ.
ಬುತ್ತಿ ಕೊಟ್ಟು ನನ್ನನ್ನು ಕಳಿಸಿದರು.
ಗೋಡೆಯಲ್ಲಿ ಒಂದೇ ಬಿಲ್ಲೆ. ಇನ್ನೂರ ಹನ್ನೊಂದು.
ಅಪ್ಪ ಅದರೆದುರು ಸ್ಟೂಲಿನ ಮೇಲೆ,
ದೊಡ್ಡವರೆದುರು ಕೂತ ಹಾಗೆ, ಟೊಪ್ಪಿ ತೆಗೆದು.
ಯಾರದು ಎಂದೆ.
ನಂಬರು ಹೇಳಲಿಲ್ಲ. ಎಲೈಜಾ ಸಿಂಕಾಲ, ಅಂದ.
ಎಡಗೈಯಲ್ಲಿ ದೀಪ ಇಸಕೊಳ್ಳುವವನು,
ದಿನಾ ಹೊರಡುವಾಗ
‘ಬೆಳಿಗ್ಗೆ ಸಿಗೋಣ ಮುದುಕಪ್ಪಾ’ ಅನ್ನುವವನು.
ಬುತ್ತಿ ಆರಿತು. ನಾವಿಬ್ಬರೂ ಮುಟ್ಟಲಿಲ್ಲ.

ಈಗ ನನ್ನ ಬೆಳಗಿನ ಪಾಳಿಯಲ್ಲಿ ಎಪ್ಪತ್ತಮೂರು,
ಮಧ್ಯಾಹ್ನದ ಪಾಳಿಯಲ್ಲಿ ಅರವತ್ತೆಂಟು.
ಬೆಂಚಿಗೆ ನಾಲ್ವರು, ಕಿಟಕಿಯ ಕಟ್ಟೆಗೆ ಇಬ್ಬರು.
ಹೆಸರು ಕೂಗಿದರೆ ಹತ್ತು ನಿಮಿಷ ದಂಡ,
ತಲೆ ಎಣಿಸಿದರೆ ಸಾಲದೇ, ಎನ್ನುತ್ತಾರೆ ಹೆಡ್‌ಮಾಸ್ಟರು.
ಸಾಲದು ಸಾರ್.
ಮತಿಪಾ? ಮುಕ್ವಾಯ್.
ಕಪೆಂಬ್ವಾ? ಮುಕ್ವಾಯ್.
ಚಿಸಾಂಗಾ?
ಚಿಸಾಂಗಾ?

ಸಂಬಳ ಬಿಟ್ಟು ಏನು ಸಿಗುತ್ತದೆ ಅಂತಲೂ ಕೇಳಿದೆ.
ಕೆಲವು ತಿಂಗಳು ಸಂಬಳವೂ ಸಿಗುವುದಿಲ್ಲ, ಅದಿರಲಿ.

ಹೋದ ವಾರ ಕಳೆಯುವ ಲೆಕ್ಕ.
ನಲವತ್ತೆರಡರಲ್ಲಿ ಹದಿನೇಳು.
ಎರಡರಲ್ಲಿ ಏಳು ಹೋಗದು,
ಪಕ್ಕದ ಮನೆಯಿಂದ ಸಾಲ ತಗೋ, ಅಂದೆ,
ಇಪ್ಪತ್ತು ವರ್ಷದಿಂದ ಅನ್ನುತ್ತ ಬಂದ ಹಾಗೆ.
ಕಪೆಂಬ್ವಾ ಪೆನ್ಸಿಲ್ ಕೆಳಗಿಟ್ಟ.
‘ಅವರು ಕೊಡಲ್ಲ ಮೇಡಂ.
ಆವತ್ತು ತಂದ ಜೋಳದ ಹಿಟ್ಟೇ
ನಾವಿನ್ನೂ ತೀರಿಸಿಲ್ಲ.’
ಯಾರೂ ನಗಲಿಲ್ಲ.
ಅದು ನೋಡು, ಲುಬುತೊ, ಅದು ನನ್ನ ಕೈ ಹಿಡಿದು ನಿಲ್ಲಿಸಿತು—
ಎಪ್ಪತ್ತಮೂರರಲ್ಲಿ ಒಂದು ಮಗುವೂ ನಗಲಿಲ್ಲ.

ರಾತ್ರಿ ಗುಡ್ಡದ ಮೇಲೆ ಕಾದ ಕಿಟ್ಟ ಸುರಿಯುತ್ತಿದ್ದರು,
ನನ್ನ ಕಿಟಕಿ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಗಿ.
ಪೊರಕೆ ಬಿಚ್ಚಿ ಕಡ್ಡಿ ಮುರಿಯುತ್ತ ಕೂತೆ,
ಹತ್ತತ್ತರ ಕಂತೆಗೆ ಒಂದೊಂದು ರಬ್ಬರ್ ಬ್ಯಾಂಡು.
ಮನೆಯ ಕಸ ಆವತ್ತಿನಿಂದ ಹಾಗೇ ಬಿದ್ದಿದೆ.

ಬೆಳಿಗ್ಗೆ ಅವನಿಗೆ ಹೇಳಿದೆ:
ಯಾರ ಬಾಗಿಲಿಗೂ ಹೋಗಬೇಡ, ನಿನ್ನದೇ ಒಂದು ಕಂತೆ ಬಿಚ್ಚು.
ಬಿಚ್ಚಿದ. ಎಣಿಸಿದ. ನಂಬದೆ ಮತ್ತೆ ಎಣಿಸಿದ.
ಹುಬ್ಬಿನ ನಡುವೆ ಬಿದ್ದ ಗಂಟು
ಯಾರೋ ಒಳಗಿಂದ ಸಡಿಲಿಸಿದ ಹಾಗೆ ಸಡಿಲಾಯಿತು.
‘ನಮ್ಮ ಹತ್ತಿರವೇ ಇತ್ತು’ ಅಂದ,
ಸಣ್ಣ ದನಿಯಲ್ಲಿ,
ನನಗಲ್ಲ, ಕಡ್ಡಿಗಳಿಗೆ.

ಇದಕ್ಕೆ ಏನಂತ ಹೆಸರಿಡುತ್ತೀಯೋ ಇಡು.
ನಿನ್ನ ಡೈರಿಯಲ್ಲಿ ಒಂದು ಸಾಲು ಖಾಲಿ ಇದ್ದರೆ ಬರೆದುಕೋ,
ಇಲ್ಲದಿದ್ದರೆ ಬೇಡ.

ಗಂಟೆಯಾಯಿತು. ಮಧ್ಯಾಹ್ನದ ಪಾಳಿ ಇವತ್ತು ನಿನ್ನದು.
ಹಾಜರಿ ಪುಸ್ತಕ ಮೇಜಿನ ಮೇಲಿದೆ,
ಹೆಸರು ಪೂರ್ತಿ ಕೂಗು, ಅರ್ಧ ನುಂಗಬೇಡ,
ಉತ್ತರ ಬರುವ ತನಕ ತಲೆ ಎತ್ತಿ ನೋಡು.
ನಾನು ಮಾರ್ಕೆಟ್ಟಿನ ಹಿಂದಿನ ಓಣಿಗೆ ಹೋಗಿಬರುತ್ತೇನೆ.
ಚಿಸಾಂಗಾ ಮೂರು ದಿನದಿಂದ
ಮೊಳೆಯಲ್ಲೇ ಇದ್ದಾಳೆ.