ಚೀಟಿ ಇಲ್ಲದ್ದು

ಮೂರು ಕೊರುನಾ ಕೊಟ್ಟು ಕೊಂಡದ್ದು, ಚೀಟಿ ಇರಲಿಲ್ಲ.
ಮಾರುತ್ತಿದ್ದ ಮುದುಕಿ ಅಂದಳು, "ಮುಳ್ಳಿನ ಚೆಂಡು.
ಹೆಸರು ಕಟ್ಟಿಕೊಂಡು ಏನು ಮಾಡ್ತೀ, ನೀರು ಕಮ್ಮಿ ಹಾಕು."
ಎಂಬತ್ತಮೂರನೇ ಇಸವಿ. ಪಿಲ್ಸೆನ್ನಿನ ಮೋರಿಯಂಚಿಗೆ ಇನ್ನೂ ಹಿಮವಿತ್ತು.
ಕೋಟಿನೊಳಗೆ ಇಟ್ಟುಕೊಂಡೇ ನಾಲ್ಕನೇ ನಂಬರಿನ ಟ್ರಾಮು ನಡೆಸಿದೆ,
ತಿರುವು ಬಂದಾಗಲೆಲ್ಲ ಎದೆಗೊಂದು ಚುಚ್ಚು.

ತಿಂಗಳ ಎರಡನೇ ಗುರುವಾರ, ಹೋಟೆಲಿನ ಹಿಂಕೋಣೆಯಲ್ಲಿ
ಬಿಯರಿನ ನೊರೆಯ ಪಕ್ಕ ಕುಂಡಗಳ ಸಾಲು.
ಓಟಾಕರ್, ರೈಲ್ವೆಯ ಸರಕು ಗುಮಾಸ್ತ,
ಭೂತಗನ್ನಡಿಯನ್ನು ಕೊರಳಿಗೆ ಕಟ್ಟಿಕೊಂಡವನು,
ನನ್ನ ಚೆಂಡಿಗೆ ಗುಂಡುಸೂಜಿ ಚುಚ್ಚಿ ಕಾದ.
ಹಾಲು ಬಂದರೆ ಅದು ಬೇರೆ ಮನೆತನ, ಆಫ್ರಿಕದ ಕಳ್ಳಿ,
ಪಾಪಾಸುಕಳ್ಳಿಯ ವೇಷ ತೊಟ್ಟದ್ದು.
ಬರಲಿಲ್ಲ. ಬಂದದ್ದು ತಿಳಿನೀರಿನ ಒಂದು ಹನಿ.

"ಸರಿ. ಮುಳ್ಳು ಎಲ್ಲಿಂದ ಹುಟ್ಟಿದೆ?"
ಉಣ್ಣೆಯ ಪುಟ್ಟ ದಿಂಬಿನಿಂದ.
"ಏಣು?"
ಹದಿಮೂರು.
"ಮುಳ್ಳು?"
ನಡುವೆ ಒಂದು, ಸುತ್ತ ಒಂಬತ್ತು.
"ಇನ್ನೊಮ್ಮೆ ಎಣಿಸು."
ಸುತ್ತ ಒಂಬತ್ತು. ಒಂದು ಕಡೆ ಮಾತ್ರ ಹತ್ತು.
"ಆ ಒಂದು ಕಡೆಯ ಹತ್ತೇ ನೋಡು, ದ್ರಹೊಮೀರಾ,
ನಮ್ಮೆಲ್ಲರ ನಿದ್ದೆ ಕೆಡಿಸೋದು. ಹೂ ಬಿಡಲಿ, ಹೇಳ್ತೀನಿ."

ಅವನ ಬಾಲ್ಕನಿ ತುಂಬ ಲೊಬಿವಿಯಾ.
ಬೊಲಿವಿಯಾದ ಬ ಮತ್ತು ಲ ಜಾಗ ಬದಲಿಸಿಕೊಂಡರೆ ಆಗುವ ಹೆಸರು.
ಪಾಸ್‌ಪೋರ್ಟು ಸಿಗದ ಕಾಲ. ಕಾಗದದ ಮಡಿಕೆಯಲ್ಲಿ
ಗಸಗಸೆಗಿಂತ ಸಣ್ಣ ಬೀಜ ತರಿಸಿ,
ಆ ದೇಶವನ್ನೇ ಅಕ್ಷರ ಕಲಸಿ ಮೊಸರಿನ ಡಬ್ಬಿಗಳಲ್ಲಿ ಬೆಳೆಸಿದ.
ಗಡಿ ತೆರೆದಾಗ ಅವನ ಮೊಣಕಾಲು ಮುಚ್ಚಿತ್ತು.
ಅಷ್ಟರಲ್ಲಿ ಪಂಡಿತರು, ಲೊಬಿವಿಯಾ ಎಂಬ ಕುಲವೇ ಇಲ್ಲ,
ಪಕ್ಕದ ದೊಡ್ಡ ಕುಲಕ್ಕೆ ಸೇರಿಸಿ, ಎಂದರು.
ಇನ್ನೂರ ಹನ್ನೊಂದು ಚೀಟಿ! ಎಲ್ಲ ಪೆನ್ಸಿಲಿನಲ್ಲಿ ಬರೆದದ್ದು,
ಶಾಯಿಯನ್ನು ಬಿಸಿಲು ನೆಕ್ಕುತ್ತದೆ, ಸೀಸದ ಕಡ್ಡಿಯನ್ನು ಮುಟ್ಟುವುದಿಲ್ಲ.
ರಬ್ಬರು ಹಿಡಿದು ಕೂತ, ಒಂದನ್ನೂ ಅಳಿಸಲಿಲ್ಲ.
ಆಮೇಲೆ ಇನ್ಯಾರೋ ಪಂಡಿತರು, ಇದೆ, ಇದೆ, ಎಂದರಂತೆ.

ನನ್ನ ಚೆಂಡು ಉರುಟಾಯಿತು, ಬುಡ ಕಂದಾಯಿತು, ಹೂ ಮಾತ್ರ ಇಲ್ಲ.
ಅಡುಗೆಮನೆಯ ಕಿಟಕಿ, ಕೆಳಗೆ ಬಿಸಿನೀರಿನ ಕೊಳವೆ,
ವಾರಕ್ಕೊಂದು ಲೋಟ ನೀರು, ಮಗುವಿನಂತೆ ಸಾಕಿದೆ.
ಇಪ್ಪತ್ತೆರಡನೇ ಚಳಿಗಾಲ, ಗೋಡೆಗೆ ಸುಣ್ಣ ಹೊಡೆಯಲು ಬಂದವನು
ಅದನ್ನೆತ್ತಿ ಮೆಟ್ಟಿಲ ಮೂಲೆಯಲ್ಲಿಟ್ಟ. ಮರೆತೆ.
ಐದು ತಿಂಗಳು ಹನಿ ನೀರಿಲ್ಲ, ಉಸಿರು ಕಾಣುವಷ್ಟು ಚಳಿ.

ಜೂನ್. ಮೊದಲ ಪಾಳಿಗೆ ಇಳಿಯುತ್ತಿದ್ದೆ, ನಾಲ್ಕು ಗಂಟೆ.
ಬಗಲಿನಿಂದ ಗೇಣುದ್ದದ ರೋಮದ ನಳಿಗೆ,
ತುದಿಯಲ್ಲಿ ಬಟ್ಟಲಗಲ ಹೂ.
ಬೆಚ್ಚಗಿಟ್ಟದ್ದೇ ನನ್ನ ತಪ್ಪಾಗಿತ್ತು, ಹಾಗಾದರೆ.

ಓಟಾಕರ್ ಮೊದಲ ಟ್ರಾಮಿಗೇ ಬಂದ, ಎಂಬತ್ತೊಂದರ ಮುದುಕ,
ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.
ಮೆಟ್ಟಿಲ ಮೇಲೆ ಕೂತ. ಭೂತಗನ್ನಡಿ. ಮೌನ.
"ರಾತ್ರಿ ಅರಳಿದ್ದು ಬಿಳಿ ಇರಬೇಕು.
ಕೆಂಪಿದ್ದರೆ ಹಗಲು ಅರಳಬೇಕು. ಇದು..."
ಅದು ಎರಡೂ ಅಲ್ಲದ ಬಣ್ಣ,
ನಿದ್ದೆಯಿಂದೆದ್ದ ಮಗುವಿನ ಕೆನ್ನೆ ದಿಂಬಿಗೊತ್ತಿದ ಕಡೆ ಇರುವ ಹಾಗೆ.
"ಯಾವುದೋ ಜೇನು ಎರಡು ಶೆಲ್ಫುಗಳ ನಡುವೆ ಓಡಾಡಿದೆ," ಅಂದ.
ಆಮೇಲೆ, ನನಗೆ ಗೊತ್ತಿದ್ದ ಹಾಗೆ ಮೊದಲ ಸಲ,
"ಗೊತ್ತಿಲ್ಲ" ಅಂದ. ಅಂದು ನಕ್ಕ.

ಚೀಟಿ ಕತ್ತರಿಸಿ ಅವನಿಗೇ ಕೊಟ್ಟೆ.
ಮೇಲಿನ ಸಾಲು ಖಾಲಿ ಬಿಟ್ಟು, ಕೆಳಗೆ ಬರೆದ:
ಸಂತೆ, ೧೯೮೩. ಹೂ, ಜೂನ್ ೨೦೦೫. ಚಳಿ ಬೇಕು.
ವಾಪಸು ಟ್ರಾಮಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದ,
ಮೂಗಿನ ತುದಿಗೆ ಹಳದಿ ಪುಡಿ.
ಯಾರೂ ಹೇಳಲಿಲ್ಲ ಅವನಿಗೆ.
ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ, ನಾನೂ ಹೇಳಲಿಲ್ಲ.