ಮೂರನೇ ತಿರುವು

ಎಕ್ಸಿಬಿಷನ್ನಿನ ಭೂತಬಂಗಲೆ ನಂದಲ್ಲ,
ಅಲ್ಲೀಸಾಬ ನದಾಫರದು.
ನಾ ಬರೇ ಮೋಟರ್ ಸುತ್ತಾಂವ.
ವರ್ಷಾ ಬ್ಯಾಸಿಗ್ಯಾಗ ಹುಬ್ಬಳ್ಳಿಗೆ ಬಂದು ತಗಡು ಬಡಿದು ನಿಲ್ಲಿಸ್ತಾರ,
ಐದು ತಿರುವು, ಒಂದು ಹಳಿ,
ಒಳಗ ಹೋಗಿ ಹೊರಗ ಬರೂದಕ್ಕ
ಕಪ್ಪು ಚಹಾ ಆರೂವಷ್ಟು ಹೊತ್ತು.

ಭೂತಗಳ ಕುಲಗೋತ್ರ ನನಗ ಗೊತ್ತೈತಿ.
ಮುದುಕಿಯ ಕೂದಲು ಗೋಣಿಚೀಲದ್ದು.
ಎಲುಬಿನ ಗೂಡಿಗೆ ಎಡಗಾಲಿಲ್ಲ,
ಧಾರವಾಡದ ಯಾವುದೋ ಸಾಲಿ ಹರಾಜಿಗೆ ಹಾಕಿದ್ದು.
ಮೂರನೇ ತಿರುವಿನಾಗ ಮ್ಯಾಲಿಂದ ಇಳಿದು
ಕುತ್ತಿಗಿ ಮುಟ್ಟೂ ರಬ್ಬರ್ ಕೈ ಐತೆಲ್ಲ,
ಅದರ ಮೋಟರು ಲಾರಿ ವೈಪರಿಂದು.
ಗೋಕುಲ ರೋಡಿನ ಗುಜರಿಯಾಗ ಸಿಕ್ಕಿತ್ತು,
ಎಷ್ಟು ಮಳಿ ಒರಸಿತ್ತೋ.

ಹೋದ ವರ್ಷ ಸಾಹೇಬರ ಮಗ
ದೊಡ್ಡ ಟೀವಿಯೊಳಗ ಭೂತ ತಂದು ಕೂಡ್ರಿಸಿದ.
ಮಂದಿ ಸುಮ್ಮನ ನೋಡಿದರು.
ಒಬ್ಬಾಂವ ಕೇಳಿದ: ಇದು ಯಾವ ಚಾನೆಲ್ಲು?

ಆಯಿತವಾರ, ಭಾಳ ಗದ್ದಲ.
ಕೈಯಿನ ಕಾಯಿಲ್ ಸುಟ್ಟಿತು.
ಸುತ್ತಾಕ ಹೊತ್ತಿಲ್ಲ, ಗಾಡಿ ನಿಲ್ಲಿಸಾಕ ಮನಸ್ಸಿಲ್ಲ.
ನಾ ಕತ್ತಲಾಗ ಗ್ವಾಡಿಗಿ ಹತ್ತಿ ನಿಂತು ಕೇಳಿದೆ.
ಮೂರನೇ ತಿರುವಿಗೆ ಎಲ್ಲಾರೂ ಚೀರಿದರು!
ಕೈ ಇಲ್ಲದಿದ್ರೂ,
ಅರ್ಧ ಉಸಿರು ಮೊದಲ,
ಹಳೇ ಮನಿ ಗಿಡ್ಡ ಬಾಗಿಲಿಗೆ
ತಲಿ ತಾನ ಬಾಗಿದಂಗ.

ತಕರಾರಿಗೆ ಬಂದಾಂವ ಒಬ್ಬನ:
ಅಮರಗೋಳ ಯಾರ್ಡಿನ ಹಮಾಲ ಗುದ್ನೆಪ್ಪ.
ಕಿಡಕಿಯೊಳಗ ಮಾರಿ ಹಾಕಿ ಅಂದ,
‘ಕೈ ಬರಲಿಲ್ಲ.’
ರೊಕ್ಕ ವಾಪಸ್ ಕೊಡಾಕ ಹ್ವಾದೆ.
‘ರೊಕ್ಕ ಬ್ಯಾಡೋ. ಕೈ ಬೇಕು.
ವರ್ಷದಾಗ ಈ ಕುತ್ತಿಗಿ ಮ್ಯಾಲೆ
ವಜ್ಜಿ ಇಲ್ಲದ್ದು ಬೀಳೂದು ಅದೊಂದ.’

ಮತ್ತ ಕೂಡ್ರಿಸಿದೆ, ಫುಕ್ಕಟ.
ರಬ್ಬರ್ ಕೈ ಬಿಚ್ಚಿಕೊಂಡು
ಸ್ಟೂಲ್ ಹತ್ತಿ ನಿಂತೆ.
ಗಾಡಿ ಸಪ್ಪಳ ಒಂದ ತಿರುವು, ಎರಡ ತಿರುವು...
ಇಪ್ಪತ್ತು ವರ್ಷದಾಗ ಮೊದಲನೇ ಸಲ
ಆ ಬಂಗಲೆಯೊಳಗ ನನ್ನ ಎದಿ ಹೊಡಕೊಂಡಿತು.
ಮುಟ್ಟಿದೆ.
ಕಡ್ಡಿಗಟ್ಟಿದ ಚರ್ಮ, ಬೆವರು, ಮೆಣಸಿನಕಾಯಿ ಘಾಟು.

ಅವ್ವಾ ಅಂತ ಚೀರಿದ, ಸಣ್ಣ ಹುಡುಗನ ದನಿಯಾಗ.

ಹೊರಗ ಬಂದು ಟಾವೆಲ್ ಝಾಡಿಸಿ ನಕ್ಕ.
‘ಮೋಟರ್ ಬದಲಿ ಮಾಡೀರೇನು? ಮೆತ್ತಗಾಗೇತಿ.’
ಹೂಂ ಅಂದೆ.

ಮರುದಿನ ಕಾಯಿಲ್ ಸುತ್ತೂವಾಗ
ಎರಡು ಸುತ್ತು ಹೆಚ್ಚಿಗಿ ಸುತ್ತಿದೆ.
ಕೈ ಸ್ವಲ್ಪ ತಡಾ ಮಾಡಿ ಇಳೀಲಿ.