ಖಸಬಿನ ಮರಿಗೆ

ಅಂಗಡಿಗೆ ಬಂದಾಗ ಅದಕ್ಕೆ ಹೆಸರಿರಲಿಲ್ಲ.
ಹಳೆಯ ಹಗ್ಗ, ತುಕ್ಕು ತಿಂದ ಲಂಗರಿನ ಜೊತೆ
ಗೋಣಿಯಲ್ಲಿ ಸುತ್ತಿ ಯಾರೋ ತೂಕಕ್ಕೆ ಮಾರಿ ಹೋಗಿದ್ದರು.
ಉಬೈದ್ ಸಾಹೇಬರು ಚಪ್ಪಲಿಯ ತುದಿಯಿಂದ ಮಗುಚಿ
ಬಟ್ಟಲು ಅಂದರು. ಲೆಕ್ಕದ ಸುಗುಣನ್ ಸೌಟು ಅಂದ.
ನಾನು ಗಂಗೊಳ್ಳಿಯವನು, ದೋಣಿಯ ಹೊಟ್ಟೆ ತೊಳೆದು ಬೆಳೆದ ಕೈ.
ವಹಿಯಲ್ಲಿ ಕನ್ನಡದಲ್ಲೇ ಬರೆದೆ:
ಮರಿಗೆ. ನೀರು ಮೊಗೆಯುವುದು. ಒಂದು. ಬಿರುಕು ಬಿಟ್ಟಿದೆ.

ಮೊಳದುದ್ದ. ಒಂದೇ ಮರ, ಕೀಲಿಲ್ಲ, ಬೆಸುಗೆಯಿಲ್ಲ.
ಹಿಡಿ ಮಾತ್ರ ನೀರುಕಾಗೆಯ ಕೊರಳಿನ ಹಾಗೆ
ಹಿಂದಕ್ಕೆ ಬಾಗಿದೆ, ಕೊಕ್ಕು ಸವೆದು ಹೋಗಿದೆ.
ಅಂಚಿನ ಸುತ್ತ ಮುಕ್ಕೋನದ ಗೀರು, ನಡುನಡುವೆ ಚುಕ್ಕೆ,
ಒಂದು ಕಡೆ ಕೆತ್ತುವವನಿಗೆ ಲೆಕ್ಕ ತಪ್ಪಿ
ಎರಡು ಮುಕ್ಕೋನ ಒಂದರ ಮೇಲೊಂದು ಏರಿವೆ.
ಅಲ್ಲಿ ನನಗೆ ಅವನ ಪರಿಚಯವಾಯಿತು.
ಬೆಳಕು ಸಾಲದಾಯಿತೋ, ಯಾರಾದರೂ ಕರೆದರೋ
ಊಟಕ್ಕೆ.

ತಳದಲ್ಲಿ ಉಗುರಿನಷ್ಟು ಕೆರೆದೆ: ಅರಿಶಿನ.
ಹಲಸು!
ಆಡು ಕೂಡ ಕಲ್ಲು ನೆಕ್ಕುವ ಈ ಬೋಳು ಬೆಟ್ಟಗಳಲ್ಲಿ
ಹಲಸಿನ ಮರವೆಲ್ಲಿ?
ನಮ್ಮ ಬದಿಯ ಯಾವುದೋ ಬಂದರಿನಿಂದ
ಅಕ್ಕಿಮೂಟೆಯ ಅಡಿಗೆ ಬಿದ್ದು ಬಂದ ತುಂಡಿರಬೇಕು.
ಸುಳ್ಳಾಡಲಾರೆ, ಒಂದು ಗಳಿಗೆ ಹೆಮ್ಮೆ ಬಂತು,
ನಮ್ಮದು ಅನ್ನಿಸಿತು.
ಹಿಡಿಯ ಸವೆದ ಗುಳಿಯಲ್ಲಿ ಹೆಬ್ಬೆರಳಿಟ್ಟು ನೋಡಿದೆ.
ಕೂರಲಿಲ್ಲ. ಅದು ಎಡಗೈಯವರ ಗುಳಿ.

"ಎಣ್ಣೆ ಹಚ್ಚು, ಹೊಳೆಯಬೇಕು," ಅಂದರು ಉಬೈದ್,
"ಚಳಿಗೆ ಪ್ರವಾಸಿ ಹಡಗು ಬರುತ್ತದೆ, ಆ ಜನಕ್ಕೆ ಬಿರುಕು ಆಗದು."
ಮರದ ಪುಡಿಗೆ ಗೋಂದು ಕಲಸಿ ತುಂಬಿದೆ.
ಎ.ಸಿ. ಗಾಳಿಗೆ ಅದು ಇನ್ನಷ್ಟು ಬಾಯಿ ಬಿಟ್ಟಿತು.
ಮೂರು ಸಲ ತುಂಬಿದೆ. ಮೂರು ಸಲವೂ ಉಗುಳಿತು.

ಖರ್ಜೂರ ಕೆಂಪೇರುವ ಹೊತ್ತಿಗೆ ಕುಮ್ಝಾರಿನ ಮಂದಿ
ಮನೆಗೆ ಬೀಗ ಜಡಿದು ದೋಣಿಯಲ್ಲಿ ಖಸಬಿಗೆ ಬರುತ್ತಾರೆ,
ರಸ್ತೆಯಿಲ್ಲದ ಊರು ಅದು, ಕಡಲೇ ಬಾಗಿಲು.
ಖಮೀಸ್ ಸಾಹೇಬರಿಗೆ ಮೀನು ತಂದಿದ್ದ,
ಅವನ ಅಜ್ಜಿ ಮೌಝಾ ತಂಪಿಗೆಂದು ಒಳಗೆ ಬಂದು ಕೂತಳು.
ಮುಖವಾಡದ ನೀಲಿ ಬೆವರಿಗೆ ಕರಗಿ ಗಲ್ಲಕ್ಕೆ ಇಳಿದಿತ್ತು.
ಮರಿಗೆ ಕಂಡಳು. ಎದ್ದಳು. ಎತ್ತಿದಳು,
ಎಡಗೈಯಲ್ಲಿ.
ಅರಬಿಯೂ ಅಲ್ಲದ, ಫಾರ್ಸಿಯೂ ಅಲ್ಲದ,
ಎರಡರ ಉಪ್ಪೂ ಇರುವ ತಮ್ಮ ಮಾತಿನಲ್ಲಿ ಏನೋ ಬೈದಳು.
ಖಮೀಸ್ ನಕ್ಕ: "ನಿನಗೇ. ಕಡಲಿಗಿಳಿದ ಪಾತ್ರೆಗೆ
ಎಣ್ಣೆ ಕುಡಿಸುವವನು ಯಾವ ಊರಿನವನು, ಅಂತಾಳೆ."

ಹಿಂದಿನ ನಲ್ಲಿಯ ಬಳಿ ಬಕೀಟು ತುಂಬಿಸಿ
ಒಂದು ಹಿಡಿ ಉಪ್ಪು ಸುರಿದು, ಮುಳುಗಿಸಿ,
ತೇಲದಂತೆ ಮೇಲೊಂದು ಕಲ್ಲು ಹೇರಿ ಹೊರಟಳು.
ಅದರ ಹೆಸರು ಹೇಳಲಿಲ್ಲ. ಯಾರದೆಂದು ಹೇಳಲಿಲ್ಲ.
ಬೇಕೆಂದೂ ಕೇಳಲಿಲ್ಲ.

ಮೂರನೆಯ ಬೆಳಿಗ್ಗೆ
ನನ್ನ ಗೋಂದು ಕೆನೆಯಂತೆ ತೇಲುತ್ತಿತ್ತು.
ಬಿರುಕು ಎಲ್ಲಿತ್ತೆಂದು ಬೆರಳಾಡಿಸಿ ಹುಡುಕಿದೆ.
ನೀರು ತುಂಬಿ ಎತ್ತಿ ಹಿಡಿದು ಕಾದೆ,
ತೋಳು ನಡುಗಿತು, ಹನಿ ಬೀಳಲಿಲ್ಲ.

ಉಬೈದ್ ಸಾಹೇಬರು ಬೆಲೆ ಏರಿಸಿ ಚೀಟಿ ಅಂಟಿಸಿದರು.
ಒದ್ದೆ ಮರದ ಮೇಲೆ ಅದು ನಿಲ್ಲಲಿಲ್ಲ, ದಾರ ಕಟ್ಟಿದರು.
ಈಗ ದಿನಾ ರಾತ್ರಿ, ಷಟರ್ ಎಳೆಯುವ ಮುಂಚೆ
ಅದನ್ನು ಬಕೀಟಿಗೆ ಇಳಿಸುತ್ತೇನೆ,
ಬೆಳಿಗ್ಗೆ ಒರೆಸಿ ಗಾಜಿನೊಳಗೆ ಇಡುತ್ತೇನೆ.
ಹಡಗಿಗೆ ಇನ್ನೂ ನಾಲ್ಕು ತಿಂಗಳಿದೆ.

ವಹಿಯಲ್ಲಿ 'ಬಿರುಕು ಬಿಟ್ಟಿದೆ' ಎಂಬುದನ್ನು ಹೊಡೆದು ಹಾಕಿದೆ.
ಪಕ್ಕದಲ್ಲಿ ಏನು ಬರೆಯಬೇಕೋ ತಿಳಿಯದೆ
ಒಂದು ಮುಕ್ಕೋನ ಗೀಚಿದೆ,
ಅದರ ಮೇಲೆ ಏರಿದ ಇನ್ನೊಂದು.